ಎಂ.2 ಹಾಕಿದ ಮೇಲೆ ಹಾರ್ಡ್ ಡಿಸ್ಕ್ ಕಾಣೆ: ಬಯಾಸ್‌ನಲ್ಲಿ ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ನನ್ನ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ ಇರುವ ಒಂದು ಸಾಟಾ ಎಸ್‌ಎಸ್‌ಡಿ, ಫೈಲುಗಳಿಗೆಂದು ಎರಡು ಹಾರ್ಡ್ ಡಿಸ್ಕ್ ಇವೆ. ಹೊಸದಾಗಿ ಮದರ್‌ಬೋರ್ಡಿಗೆ ಎಂ.2 ಎಸ್‌ಎಸ್‌ಡಿ ಒಂದನ್ನು ಹಾಕಿದೆ. ಅದು ಕಾಣುತ್ತಿದೆ, ಆದರೆ ಒಂದು ಹಾರ್ಡ್ ಡಿಸ್ಕ್ ಬಯಾಸ್‌ನಲ್ಲೂ ಇಲ್ಲ, ವಿಂಡೋಸ್‌ನಲ್ಲೂ ಇಲ್ಲ. ಯಾರೋ ಹೇಳಿದರೆಂದು ಸಾಟಾ ಮೋಡನ್ನು ರೇಡ್‌ನಿಂದ ಎಎಚ್‌ಸಿಐಗೆ ಬದಲಿಸಿದೆ. ನೀಲಿ ಪರದೆ ಬಂತು. ಮೊದಲಿದ್ದ ಹಾಗೆ ಇಟ್ಟ ಮೇಲೆ ವಿಂಡೋಸ್ ಬಂತು, ಡಿಸ್ಕ್ ಮಾತ್ರ ಬರಲಿಲ್ಲ. ಇದಲ್ಲದೆ ಡೆಲ್ ಕೀ ಎಷ್ಟು ಒತ್ತಿದರೂ ಕೆಲವೊಮ್ಮೆ ಬಯಾಸ್ ತೆರೆಯುವುದಿಲ್ಲ. ಎಕ್ಸ್‌ಟರ್ನಲ್ ಡಿಸ್ಕ್ ಸಿಕ್ಕಿಸಿಟ್ಟಿದ್ದರೆ ಕಂಪ್ಯೂಟರ್ ಲೋಗೊದಲ್ಲೇ ನಿಂತುಬಿಡುತ್ತದೆ. ಹಳೆಯ ಅಳತೆ ಯಂತ್ರವೊಂದಕ್ಕೆ ಸೀರಿಯಲ್ ಪೋರ್ಟ್ ಕೂಡ ಬೇಕು. ಬಯಾಸ್‌ನಲ್ಲಿ ಏನೇನನ್ನು ಹೇಗಿಡಬೇಕು?

ಉತ್ತರ: ನಿಮ್ಮ ಹಾರ್ಡ್ ಡಿಸ್ಕ್ ಕೆಟ್ಟಿರುವ ಸಾಧ್ಯತೆ ಬಹಳ ಕಡಿಮೆ. ಎಂ.2 ಹಾಕಿದ ದಿನವೇ ಅದು ಮಾಯವಾಯಿತು ಎಂಬುದರಲ್ಲೇ ಅರ್ಧ ಉತ್ತರ ಇದೆ. ಅದರಲ್ಲಿರುವ ಫೈಲುಗಳಿಗೂ ಏನೂ ಆಗಿರುವುದಿಲ್ಲ. ಇದು ಸಾಟಾ ಮೋಡ್‌ನಿಂದ (ಸಾಟಾ ಕೇಬಲ್‌ನಲ್ಲಿ ಜೋಡಿಸಿದ ಡ್ರೈವ್‌ಗಳ ಜೊತೆ ಬೋರ್ಡ್ ರೇಡ್, ಎಎಚ್‌ಸಿಐಗಳಲ್ಲಿ ಯಾವ ಪದ್ಧತಿಯಲ್ಲಿ ಮಾತಾಡಬೇಕು ಎಂಬ ಸೆಟ್ಟಿಂಗ್) ಬಂದ ತೊಂದರೆಯೂ ಅಲ್ಲ, ಹಾಗಾಗಿ ಆ ಮೋಡನ್ನು ಬದಲಿಸಿದ್ದರಿಂದ ನಿಮಗೆ ಸಿಕ್ಕಿದ್ದು ಇನ್ನೊಂದು ತೊಂದರೆ ಮಾತ್ರ. ಕಂಪ್ಯೂಟರ್ ಆನ್ ಆದ ಕೂಡಲೇ ವಿಂಡೋಸ್‌ಗೂ ಮೊದಲು ಏಳುವ ಬೋರ್ಡಿನ ತಂತ್ರಾಂಶವೇ ಬಯಾಸ್. ಅದರಲ್ಲಿ ಒಂದು ಸೆಟ್ಟಿಂಗ್ ಬದಲಿಸುವ ಮುಂಚೆ ಈಗಾಗಲೇ ಇನ್‌ಸ್ಟಾಲ್ ಆಗಿರುವ ಯಾವ ಸಾಫ್ಟ್‌ವೇರ್ ಅದನ್ನು ನಂಬಿಕೊಂಡಿದೆ ಎಂದು ಕೇಳಿಕೊಳ್ಳಬೇಕು. ಈ ಒಂದು ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಬಯಾಸ್‌ನಲ್ಲಿ ಭಯಪಡುವಂಥದ್ದು ಹೆಚ್ಚೇನೂ ಇಲ್ಲ.

ಕೆಲಸ ಶುರುಮಾಡುವ ಮುನ್ನ ಬಯಾಸ್‌ನ ಪ್ರತಿಯೊಂದು ಪುಟದ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಮುಖ್ಯವಾಗಿ ಸ್ಟೋರೇಜ್, ಬೂಟ್ ಮತ್ತು ಸೆಕ್ಯುರಿಟಿ ಪುಟಗಳು. ಅದಕ್ಕಿಂತಲೂ ಮುಖ್ಯವಾದದ್ದು ಬಿಟ್‌ಲಾಕರ್, ಡ್ರೈವ್‌ನ ಡೇಟಾವನ್ನು ಗೂಢಲಿಪಿಯಲ್ಲಿ ಬೀಗ ಹಾಕಿಡುವ ವಿಂಡೋಸ್ ವ್ಯವಸ್ಥೆ. ವಿಂಡೋಸ್‌ನ ಹೋಮ್ ಆವೃತ್ತಿಯಲ್ಲೂ ‘ಡಿವೈಸ್ ಎನ್‌ಕ್ರಿಪ್ಶನ್’ ಎಂಬ ಹೆಸರಿನಲ್ಲಿ ಇದೇ ವ್ಯವಸ್ಥೆ ಎಷ್ಟೋ ಯಂತ್ರಗಳಲ್ಲಿ ತಾನಾಗಿಯೇ ಆನ್ ಆಗಿರುತ್ತದೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಬೂಟ್‌ಗೆ ಸಂಬಂಧಿಸಿದ ಸೆಟ್ಟಿಂಗ್ ಬದಲಾದರೆ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ಇಲ್ಲದಿದ್ದರೆ ಡ್ರೈವ್‌ನ ಡೇಟಾ ಯಾರ ಕೈಗೂ ಸಿಗುವುದಿಲ್ಲ, ರಿಪೇರಿ ಮಾಡುವವರ ಕೈಗೂ. ಆದ್ದರಿಂದ ವಿಂಡೋಸ್ ಸೆಟ್ಟಿಂಗ್ಸ್‌ಗೆ ಹೋಗಿ ಎನ್‌ಕ್ರಿಪ್ಶನ್ ಆನ್ ಇದೆಯೇ ನೋಡಿ. ಇದ್ದರೆ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ‘ಸಸ್ಪೆಂಡ್’ ಮಾಡಿ. ಸಸ್ಪೆಂಡ್ ಮಾಡುವ ಆಯ್ಕೆ ಇಲ್ಲದ ಹೋಮ್ ಆವೃತ್ತಿಯಾದರೆ ಕೀ ಕೈಯಲ್ಲಿರುವುದೇ ನಿಮಗಿರುವ ರಕ್ಷಣೆ.

ಈಗ ಕಾಣೆಯಾದ ಡಿಸ್ಕ್ ವಿಷಯಕ್ಕೆ ಬರೋಣ. ಬೋರ್ಡಿನ ಚಿಪ್‌ಸೆಟ್‌ನಿಂದ (ಡಿಸ್ಕ್, ಯುಎಸ್‌ಬಿ ಮುಂತಾದವನ್ನು ಪ್ರೊಸೆಸರಿಗೆ ಜೋಡಿಸುವ ಚಿಪ್) ಹೊರಡುವ ವೇಗದ ಸಂಪರ್ಕಗಳ ಸಂಖ್ಯೆಗೆ ಮಿತಿ ಇದೆ. ಬೋರ್ಡ್ ಮೇಲೆ ಕಾಣುವ ಎಲ್ಲ ಸಾಟಾ ಪೋರ್ಟ್, ಎಲ್ಲ ಎಂ.2 ಸ್ಲಾಟ್‌ಗಳಿಗೂ ಬೇರೆ ಬೇರೆ ಸಂಪರ್ಕ ಕೊಡುವಷ್ಟು ಇರುವುದಿಲ್ಲ. ಹಾಗಾಗಿ ತಯಾರಕರು ಒಂದೇ ಸಂಪರ್ಕವನ್ನು ಒಂದು ಎಂ.2 ಸ್ಲಾಟಿಗೂ ಒಂದೆರಡು ಸಾಟಾ ಪೋರ್ಟಿಗೂ ಹಂಚಿರುತ್ತಾರೆ. ಸ್ಲಾಟಿನಲ್ಲಿ ಡ್ರೈವ್ ಕೂತರೆ ಆ ಪೋರ್ಟ್ ಬಂದ್. ಬಯಾಸ್ ಎಲ್ಲೂ ಎಚ್ಚರಿಕೆ ಕೊಡುವುದಿಲ್ಲ, ಆ ಪೋರ್ಟಿನ ಮುಂದೆ ‘ನಾಟ್ ಪ್ರೆಸೆಂಟ್’ ಅಥವಾ ‘ಎಂಪ್ಟಿ’ ಎಂದಷ್ಟೇ ತೋರಿಸುತ್ತದೆ. ಬೋರ್ಡಿನ ಮ್ಯಾನ್ಯುಯಲ್‌ನಲ್ಲಿ ಮಾತ್ರ ಚಿಕ್ಕ ಕೋಷ್ಟಕವೊಂದು ಇರುತ್ತದೆ: ಇಂಥ ಸ್ಲಾಟಿನಲ್ಲಿ ಸಾಟಾ ಬಗೆಯ ಎಂ.2 ಇದ್ದರೆ ಇಂಥ ಸಾಟಾ ಪೋರ್ಟ್ ಕೆಲಸ ಮಾಡದು, ಪಿಸಿಐಇ (ಗ್ರಾಫಿಕ್ಸ್ ಕಾರ್ಡ್ ಮುಂತಾದವು ಬಳಸುವ ವೇಗದ ಸಂಪರ್ಕ) ಬಗೆಯದಿದ್ದರೆ ಇಂಥವು ಮಾಡವು ಎಂದು. ತಯಾರಕರ ಜಾಲತಾಣದಿಂದ ನಿಮ್ಮ ಬೋರ್ಡಿನ ಮಾಡೆಲ್‌ನದ್ದೇ ಮ್ಯಾನ್ಯುಯಲ್ ಇಳಿಸಿಕೊಂಡು ಆ ಕೋಷ್ಟಕ ನೋಡಿ. ಒಂದೇ ಕಂಪನಿಯ ಎರಡು ಬೋರ್ಡ್‌ಗಳಲ್ಲೂ ಹಂಚಿಕೆ ಬೇರೆ ಇರುವುದರಿಂದ ಇನ್ನೊಬ್ಬರ ಅನುಭವವನ್ನು ಇಲ್ಲಿ ನಂಬಬೇಡಿ.

ಕೋಷ್ಟಕ ಓದಲು ನಿಮ್ಮ ಎಂ.2 ಯಾವ ಬಗೆಯದೆಂದು ಗೊತ್ತಿರಬೇಕು. ಎಂ.2 ಎಂಬುದು ಆಕಾರದ ಹೆಸರು ಅಷ್ಟೆ. ಒಳಗಿನ ಭಾಷೆ ಸಾಟಾ ಇರಬಹುದು, ಪಿಸಿಐಇ ಸಂಪರ್ಕದ ಮೇಲೆ ನಡೆಯುವ ಎನ್‌ವಿಎಂಇ ಇರಬಹುದು. ಡ್ರೈವ್‌ನ ಚಿನ್ನದ ಬಣ್ಣದ ತುದಿ ನೋಡಿ. ಎರಡು ಕಡೆ ಕಚ್ಚು ಇದ್ದರೆ ಬಹುತೇಕ ಸಾಟಾ, ಒಂದೇ ಕಚ್ಚು ಇದ್ದರೆ ಬಹುತೇಕ ಎನ್‌ವಿಎಂಇ. ಎರಡು ಕಚ್ಚಿನ ಎನ್‌ವಿಎಂಇ ಡ್ರೈವ್‌ಗಳೂ ಇರುವುದರಿಂದ ಲೇಬಲ್ ಓದಿ ಖಚಿತ ಮಾಡಿಕೊಳ್ಳಿ. ವ್ಯತ್ಯಾಸ ಸಣ್ಣದಲ್ಲ. ಸೆಕೆಂಡಿಗೆ 6 ಗಿಗಾಬಿಟ್‌ನ ಸಾಟಾದಲ್ಲಿ ಎಷ್ಟೇ ಒಳ್ಳೆಯ ಡ್ರೈವ್ ಹಾಕಿದರೂ ವೇಗ ಸುಮಾರು 550 ಮೆಗಾಬೈಟ್‌ಗೆ ನಿಲ್ಲುತ್ತದೆ, ಪಿಸಿಐಇ 3.0ರ ನಾಲ್ಕು ಲೇನ್ (ಡೇಟಾ ಓಡುವ ದಾರಿ) ಸಿಕ್ಕ ಎನ್‌ವಿಎಂಇ 3,500 ಮೆಗಾಬೈಟ್‌ವರೆಗೂ ಓದುತ್ತದೆ. ಅದೇ ಡ್ರೈವನ್ನು ಎರಡೇ ಲೇನ್ ಇರುವ ಎರಡನೇ ಸ್ಲಾಟಿಗೆ ಹಾಕಿದರೆ ವೇಗ ಅರ್ಧಕ್ಕಿಳಿಯುತ್ತದೆ. ಯಾವ ಸ್ಲಾಟ್ ಎಂಬ ಪ್ರಶ್ನೆಗೂ ಉತ್ತರ ಅದೇ ಕೋಷ್ಟಕದ ಹತ್ತಿರವೇ ಸಿಗುತ್ತದೆ.

ಪರಿಹಾರ ಸುಲಭ. ಪವರ್ ತಂತಿ ಕಿತ್ತು, ಕಾಣೆಯಾದ ಡಿಸ್ಕಿನ ಸಾಟಾ ಕೇಬಲನ್ನು ಹಂಚಿಕೆಯಿಲ್ಲದ ಇನ್ನೊಂದು ಪೋರ್ಟಿಗೆ ಬದಲಿಸಿ. ಫೈಲುಗಳ ಡಿಸ್ಕ್ ಯಾವ ಪೋರ್ಟಿನಲ್ಲಿದ್ದರೂ ವಿಂಡೋಸ್‌ಗೆ ಒಂದೇ. ಖಾಲಿ ಪೋರ್ಟ್ ಇಲ್ಲದಿದ್ದರೆ ಎಂ.2 ಅನ್ನು ಬೇರೆ ಸ್ಲಾಟಿಗೆ ಸರಿಸಬಹುದು, ಇಲ್ಲವೇ ಪಿಸಿಐಇ ಸ್ಲಾಟಿಗೆ ಹಾಕುವ ಸಾಟಾ ಕಾರ್ಡ್ ತರಬಹುದು. ಕೆಲವು ಬಯಾಸ್‌ಗಳಲ್ಲಿ ‘ಎಂ.2 ಮೋಡ್: ಆಟೊ, ಸಾಟಾ, ಪಿಸಿಐಇ’ ಎಂಬ ಆಯ್ಕೆ ಇರುತ್ತದೆ. ಅದನ್ನು ಆಟೊದಲ್ಲೇ ಬಿಡಿ. ಸಾಟಾ ಡ್ರೈವ್ ಇಟ್ಟುಕೊಂಡು ಅಲ್ಲಿ ಪಿಸಿಐಇ ಎಂದು ಆರಿಸಿದರೆ ಪೋರ್ಟ್ ವಾಪಸ್ ಬರಬಹುದು, ಆದರೆ ಎಂ.2 ಡ್ರೈವೇ ಕಾಣದಾಗುತ್ತದೆ.

ಕೇಬಲ್ ಬದಲಿಸಿಯೂ ಬಯಾಸ್‌ನಲ್ಲಿ ಕಾಣದಿದ್ದರೆ ಆ ಪೋರ್ಟನ್ನು ಹಿಂದೆ ಯಾರಾದರೂ ‘ಡಿಸೇಬಲ್’ ಮಾಡಿದ್ದಾರೆಯೇ ನೋಡಿ, ಡಿಸ್ಕಿನ ಪವರ್ ಕನೆಕ್ಟರ್ ಗಟ್ಟಿಯಾಗಿ ಕೂತಿದೆಯೇ ನೋಡಿ. ಬಯಾಸ್‌ನಲ್ಲಿ ಕಾಣುತ್ತಿದ್ದು ವಿಂಡೋಸ್‌ನಲ್ಲಿ ಮಾತ್ರ ಕಾಣದಿದ್ದರೆ ಅದು ಡಿಸ್ಕ್ ಮ್ಯಾನೇಜ್‌ಮೆಂಟ್‌ನ ಕೆಲಸ: ಡ್ರೈವ್ ಲೆಟರ್ ಇರುವುದಿಲ್ಲ, ಅಥವಾ ಡಿಸ್ಕ್ ‘ಆಫ್‌ಲೈನ್’ ಇರುತ್ತದೆ. ಅಲ್ಲಿ ಒಂದು ಎಚ್ಚರ ಬೇಕು. ಡೇಟಾ ಇರುವ ಹಳೆಯ ಡಿಸ್ಕಿಗೆ ವಿಂಡೋಸ್ ‘ಇನಿಶಿಯಲೈಜ್ ಮಾಡಲೇ?’, ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿದರೆ ಕ್ಯಾನ್ಸಲ್ ಒತ್ತಿ. ಇನಿಶಿಯಲೈಜ್ ಮಾಡಬೇಕಾದ್ದು ಪೆಟ್ಟಿಗೆಯಿಂದ ಈಗ ತೆಗೆದ ಡ್ರೈವನ್ನು ಮಾತ್ರ. ಹಾಗೆ ಮಾಡುವಾಗ ಡಿಸ್ಕಿನ ಪಾರ್ಟಿಶನ್‌ಗಳ ಪಟ್ಟಿ ಬರೆದಿಡುವ ಪದ್ಧತಿಯಾಗಿ ಜಿಪಿಟಿ ಆರಿಸಿ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಸೆಕ್ಟರ್‌ಗಳ ಲೆಕ್ಕ 32 ಬಿಟ್‌ಗೆ ಸೀಮಿತ. 512 ಬೈಟ್ ಸೆಕ್ಟರಿನಂತೆ ಲೆಕ್ಕ ಹಾಕಿದರೆ ಸುಮಾರು 2.2 ಟೆರಾಬೈಟ್‌ನಿಂದಾಚೆಯ ಜಾಗ ಬಳಕೆಗೆ ಸಿಗುವುದಿಲ್ಲ.

ಇನ್ನು ನಿಮ್ಮನ್ನು ಬೆಚ್ಚಿಬೀಳಿಸಿದ ಆ ನೀಲಿ ಪರದೆ. ಅದರ ಮೇಲೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ಇದ್ದಿರಬೇಕು. ವಿಂಡೋಸ್ ಇನ್‌ಸ್ಟಾಲ್ ಆಗುವಾಗ ಯಾವ ಸ್ಟೋರೇಜ್ ಕಂಟ್ರೋಲರ್ ಕಂಡಿತೋ ಅದರ ಡ್ರೈವರನ್ನು ಮಾತ್ರ ಬೂಟ್‌ನ ಮೊದಲ ಹಂತದಲ್ಲಿ ಎಬ್ಬಿಸಲು ಗುರುತು ಹಾಕಿಕೊಳ್ಳುತ್ತದೆ. ನೀವು ರೇಡ್‌ನಿಂದ ಎಎಚ್‌ಸಿಐಗೆ ಹೋದಾಗ ಅದೇ ಎಸ್‌ಎಸ್‌ಡಿ ಬೇರೊಂದು ಕಂಟ್ರೋಲರಿನ ಹಿಂದೆ ಕಂಡಿತು, ಅದರ ಡ್ರೈವರ್ ಎದ್ದಿರಲಿಲ್ಲ, ವಿಂಡೋಸ್‌ಗೆ ತನ್ನದೇ ಡ್ರೈವ್ ಸಿಗಲಿಲ್ಲ. ಮೋಡನ್ನು ಹಿಂದಕ್ಕೆ ಇಟ್ಟ ಕೂಡಲೇ ಎಲ್ಲ ಸರಿಹೋಗಿದ್ದು ಇದಕ್ಕೇ. ಇಂಥ ಹೊತ್ತಿನಲ್ಲಿ ಗಾಬರಿಯಿಂದ ವಿಂಡೋಸನ್ನೇ ಹೊಸದಾಗಿ ಹಾಕಿಬಿಡುವವರಿದ್ದಾರೆ; ಏನೂ ಅಗತ್ಯವಿಲ್ಲ.

ಹಾಗಾದರೆ ಬದಲಿಸಲೇಬೇಕೇ? ನಿಮ್ಮ ವಿವರಣೆಯ ಪ್ರಕಾರ ನೀವು ನಿಜವಾದ ರೇಡ್, ಅಂದರೆ ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದಾಗಿ ಬಳಸುವ ಜೋಡಣೆ, ಕಟ್ಟಿಲ್ಲ. ಬೋರ್ಡ್ ಅಥವಾ ಸಿಸ್ಟಂ ತಯಾರಕರು ಆ ಮೋಡಿನಲ್ಲಿಟ್ಟು ಕಳಿಸಿದ್ದಾರೆ, ಅಷ್ಟೆ. ಈಗ ಎಲ್ಲ ಸರಾಗವಾಗಿದ್ದರೆ ಹಾಗೇ ಬಿಡಿ. ಒಂಟಿ ಡ್ರೈವ್‌ಗಳಲ್ಲಿ ರೇಡ್ ಮೋಡಿಗೂ ಎಎಚ್‌ಸಿಐಗೂ ದಿನನಿತ್ಯದ ಬಳಕೆಯಲ್ಲಿ ಗೊತ್ತಾಗುವಂಥ ವೇಗದ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಹಳೆಯ ಐಡಿಇ ಮೋಡಿಗೆ ಹೋಲಿಸಿದಾಗ. ಇಂಟೆಲ್ ಮುಂದಾಳತ್ವದಲ್ಲಿ 2004ರಲ್ಲಿ ಬಂದ ಎಎಚ್‌ಸಿಐ, ಡ್ರೈವಿಗೆ ಒಂದೇ ಬಾರಿ 32 ಆದೇಶಗಳ ಸರತಿ ಕೊಡಲು ಅನುವು ಮಾಡಿತು. ನಡೆಯುತ್ತಿರುವಾಗಲೇ ಡ್ರೈವ್ ಕಿತ್ತು ಹಾಕುವ ಸೌಲಭ್ಯವನ್ನೂ ತಂದಿತು. 2011ರಲ್ಲಿ ಬಂದ ಎನ್‌ವಿಎಂಇಗೆ ಸಾವಿರಾರು ಸರತಿಗಳನ್ನು ನಡೆಸುವ ಶಕ್ತಿಯಿದೆ, ಅದಕ್ಕೆ ಸಾಟಾ ಮೋಡಿನ ಹಂಗೇ ಇಲ್ಲ. ಆದರೂ ಕೆಲವು ಇಂಟೆಲ್ ಬೋರ್ಡ್‌ಗಳಲ್ಲಿ ರೇಡ್ ಮೋಡ್ ಎನ್‌ವಿಎಂಇ ಡ್ರೈವನ್ನೂ ತನ್ನ ಹಿಂದೆ ಮರೆಮಾಡಿಕೊಳ್ಳುತ್ತದೆ. ಆಗ ಲಿನಕ್ಸ್ ಇನ್‌ಸ್ಟಾಲರಿಗೆ ಡ್ರೈವ್ ಕಾಣುವುದಿಲ್ಲ. 11ನೇ ತಲೆಮಾರಿನಿಂದೀಚೆಗಿನ ಇಂಟೆಲ್ ಯಂತ್ರಗಳಲ್ಲಿ ಇದೇ ಕೆಲಸವನ್ನು ‘ವಿಎಂಡಿ’ ಎಂಬ ಸೆಟ್ಟಿಂಗ್ ಮಾಡುತ್ತದೆ, ಅಲ್ಲಿ ವಿಂಡೋಸ್ ಇನ್‌ಸ್ಟಾಲರೇ ‘ಡ್ರೈವ್ ಇಲ್ಲ’ ಎನ್ನುವುದುಂಟು. ಲಿನಕ್ಸ್ ಹಾಕುವ ಇರಾದೆ ಇದ್ದರೆ ಎಎಚ್‌ಸಿಐಗೆ ಹೋಗುವುದೇ ಒಳ್ಳೆಯದು.

ಹೋಗುವ ದಾರಿ ಇದೆ, ಕ್ರಮ ತಪ್ಪಬಾರದು. ವಿಂಡೋಸ್‌ನಲ್ಲಿ ‘ಸಿಸ್ಟಂ ಕಾನ್ಫಿಗರೇಶನ್’ ತೆರೆದು ಬೂಟ್ ಟ್ಯಾಬಿನಲ್ಲಿ ‘ಸೇಫ್ ಬೂಟ್’, ಅದರಡಿ ‘ಮಿನಿಮಲ್’ ಆರಿಸಿ. ರೀಸ್ಟಾರ್ಟ್ ಆಗುವಾಗ ನೇರ ಬಯಾಸಿಗೆ ಹೋಗಿ ಮೋಡನ್ನು ಎಎಚ್‌ಸಿಐ ಮಾಡಿ, ಸೇವ್ ಮಾಡಿ ಹೊರಬನ್ನಿ. ಸೇಫ್ ಮೋಡಿನಲ್ಲಿ ವಿಂಡೋಸ್ ಹೊಸ ಕಂಟ್ರೋಲರನ್ನು ಗುರುತಿಸಿ ಅದರ ಡ್ರೈವರನ್ನು ಮುಂದಿನ ಬೂಟಿಗೆ ಸಿದ್ಧಮಾಡಿಕೊಳ್ಳುತ್ತದೆ. ಡೆಸ್ಕ್‌ಟಾಪ್ ಬಂದ ಮೇಲೆ ಅದೇ ಟ್ಯಾಬಿನಲ್ಲಿ ಸೇಫ್ ಬೂಟ್ ಗುರುತು ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿ. ಸೇಫ್ ಮೋಡಿನಲ್ಲಿ ಪಿನ್ ಅಥವಾ ಬೆರಳಚ್ಚು ಕೆಲಸ ಮಾಡದೆ ಅಕೌಂಟಿನ ಪಾಸ್‌ವರ್ಡನ್ನೇ ಕೇಳಬಹುದು. ಅದು ನೆನಪಿದೆಯೇ ಎಂದು ಶುರುವಿಗೆ ಮೊದಲೇ ಪರೀಕ್ಷಿಸಿಕೊಳ್ಳಿ. ನಿಜವಾದ ರೇಡ್ ಕಟ್ಟಿರುವವರು ಮಾತ್ರ ಈ ದಾರಿ ಹಿಡಿಯಲೇಬಾರದು. ಬಯಾಸ್‌ನ ರೇಡ್ ಪುಟದಲ್ಲಿ ಡಿಸ್ಕಿನ ಮುಂದೆ ‘ನಾನ್-ರೇಡ್’ ಎಂದಿದ್ದರೆ ಸರಿ, ‘ಮೆಂಬರ್’ ಎಂದಿದ್ದರೆ ಅಲ್ಲಿಗೇ ನಿಲ್ಲಿಸಿ.

ಏನೂ ಮುಟ್ಟದಿದ್ದರೂ ಒಂದು ದಿನ ಇದೇ ನೀಲಿ ಪರದೆ ಬರಬಹುದು. ಬೋರ್ಡ್ ಮೇಲಿನ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ, ಸಿಆರ್2032, ಸತ್ತಾಗ ಕೆಲವು ಬೋರ್ಡ್‌ಗಳು ಫ್ಯಾಕ್ಟರಿ ಸೆಟ್ಟಿಂಗಿಗೆ ಮರಳುತ್ತವೆ. ಬಯಾಸ್ ಅಪ್‌ಡೇಟ್ ಮಾಡಿದಾಗಲೂ ಹಾಗೇ. ಗಡಿಯಾರ ಹಿಂದಕ್ಕೆ ಹೋಗಿದ್ದು, ಜೊತೆಗೆ ವಿಂಡೋಸ್ ಬರುತ್ತಿಲ್ಲ ಎಂದರೆ ಮೊದಲು ಸಾಟಾ ಮೋಡ್ ನೋಡಿ, ಆಮೇಲೆ ಬ್ಯಾಟರಿ ಬದಲಿಸಿ.

ಮುಂದೆ ವಿಂಡೋಸನ್ನು ಹೊಸ ಎಂ.2ಗೆ ಒಯ್ಯುವ ಆಸೆ ನಿಮಗೆ ಇದ್ದೇ ಇರುತ್ತದೆ, ಆದ್ದರಿಂದ ಬೂಟ್ ಪುಟದ ಬಗ್ಗೆ ಎರಡು ಮಾತು. ಬೂಟ್ ಮೋಡ್ ಯುಇಎಫ್‌ಐ, ಅಂದರೆ ಬಯಾಸ್‌ನ ಹೊಸ ಪದ್ಧತಿ, ಇರಲಿ. ಸಿಎಸ್‌ಎಂ ಎಂಬುದು ಹಳೆಯ (ಲೆಗಸಿ) ಪದ್ಧತಿಗೆ ಕೊಟ್ಟ ಊರುಗೋಲು, ಬೇಡದಿದ್ದರೆ ಆಫ್. ಆದರೆ ಈಗಿನ ವಿಂಡೋಸ್ ಎಂಬಿಆರ್ ಡಿಸ್ಕಿನಿಂದ ಲೆಗಸಿ ಮೋಡಿನಲ್ಲಿ ಬೂಟ್ ಆಗುತ್ತಿದ್ದರೆ ಸಿಎಸ್‌ಎಂ ಆಫ್ ಮಾಡಿದ ಕೂಡಲೇ ಅದು ಬರುವುದಿಲ್ಲ. ‘ಸಿಸ್ಟಂ ಇನ್‌ಫರ್ಮೇಶನ್’ ತೆರೆದರೆ ‘ಬಯಾಸ್ ಮೋಡ್’ ಎಂಬ ಸಾಲಿನಲ್ಲಿ ಯುಇಎಫ್‌ಐ ಅಥವಾ ಲೆಗಸಿ ಎಂದು ಬರೆದಿರುತ್ತದೆ. ಲೆಗಸಿ ಇದ್ದರೆ ವಿಂಡೋಸ್ 10ರ 1703 ಆವೃತ್ತಿಯಿಂದ ಜೊತೆಗೇ ಬರುವ ‘ಎಂಬಿಆರ್2ಜಿಪಿಟಿ’ ಎಂಬ ಸಾಧನದಿಂದ ಡೇಟಾ ಅಳಿಸದೆ ಬದಲಿಸಬಹುದು. ಡಿಸ್ಕಿನಲ್ಲಿ ಪ್ರೈಮರಿ ಪಾರ್ಟಿಶನ್ ಮೂರಕ್ಕಿಂತ ಹೆಚ್ಚಿರಬಾರದು, ಬ್ಯಾಕಪ್ ಇಲ್ಲದೆ ಕೈಹಾಕಲೂ ಬಾರದು. ವಿಂಡೋಸ್ 11ಕ್ಕೆ ಯುಇಎಫ್‌ಐ, ಸೆಕ್ಯೂರ್ ಬೂಟ್ ಸೌಲಭ್ಯ ಮತ್ತು ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಪಾಡುವ ಸುರಕ್ಷತಾ ವ್ಯವಸ್ಥೆ) ಬೇಕು ಎಂಬುದೂ ತಲೆಯಲ್ಲಿರಲಿ.

ಹೊಸದಾಗಿ ಇನ್‌ಸ್ಟಾಲ್ ಮಾಡುವ ದಿನ ಎಂ.2 ಒಂದನ್ನು ಬಿಟ್ಟು ಉಳಿದೆಲ್ಲ ಡ್ರೈವ್‌ಗಳ ಸಾಟಾ ಕೇಬಲ್ ಕಿತ್ತಿಡಿ. ಇದನ್ನು ಮಾಡದವರೇ ಹೆಚ್ಚು. ಹಳೆಯ ಡ್ರೈವಿನಲ್ಲಿ ಬೂಟ್ ಫೈಲುಗಳ ಚಿಕ್ಕ ಇಎಫ್‌ಐ ಪಾರ್ಟಿಶನ್ ಈಗಾಗಲೇ ಇದ್ದರೆ ಇನ್‌ಸ್ಟಾಲರ್ ಅದನ್ನೇ ಬಳಸಿಕೊಂಡುಬಿಡಬಹುದು. ಎಲ್ಲ ಚೆನ್ನಾಗಿ ನಡೆಯುತ್ತದೆ. ಒಂದು ದಿನ ಹಳೆಯ ಡ್ರೈವ್ ಫಾರ್ಮ್ಯಾಟ್ ಮಾಡಿದಾಗ ಹೊಸದು ಬೂಟ್ ಆಗುವುದಿಲ್ಲ. ಬೂಟ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಡ್ರೈವಿನ ಬರೀ ಹೆಸರಿನ ಬದಲು ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂಬುದನ್ನು ಆರಿಸಿ.

ಕೀಬೋರ್ಡ್ ಸ್ಪಂದಿಸದಿರುವುದಕ್ಕೆ ಬಹುಪಾಲು ಕಾರಣ ಬಯಾಸ್‌ನ ‘ಫಾಸ್ಟ್ ಬೂಟ್’. ಕೆಲವು ಸೆಕೆಂಡ್ ಉಳಿಸಲು ಅದು ಯುಎಸ್‌ಬಿ ಸಾಧನಗಳನ್ನು ಎಬ್ಬಿಸುವ ಹಂತವನ್ನೇ ಬಿಟ್ಟು ಮುಂದೆ ಹೋಗುತ್ತದೆ. ಆಫ್ ಮಾಡಿ, ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಆ ಸೆಕೆಂಡ್‌ಗಳಿಗೆ ಬೆಲೆಯಿಲ್ಲ. ಕೂಡಲೇ ಬಯಾಸಿಗೆ ಹೋಗಬೇಕಿದ್ದರೆ ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ, ಟ್ರಬಲ್‌ಶೂಟ್ ಒಳಗಿನ ‘ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್’ ಆರಿಸಿ. ಕೀಬೋರ್ಡನ್ನು ಹಿಂಬದಿಯ ಯುಎಸ್‌ಬಿ 2.0 ಪೋರ್ಟಿಗೆ ಹಾಕುವುದು ಕ್ಷೇಮ. ಕೆಲವು ಬೋರ್ಡ್‌ಗಳಲ್ಲಿ ವೇಗದ ಪೋರ್ಟ್‌ಗಳನ್ನು ನಡೆಸುವುದು ಪ್ರತ್ಯೇಕ ಚಿಪ್, ಅದು ತಡವಾಗಿ ಏಳುತ್ತದೆ. ‘ಲೆಗಸಿ ಯುಎಸ್‌ಬಿ ಸಪೋರ್ಟ್’ ಮತ್ತು ‘ಎಕ್ಸ್‌ಎಚ್‌ಸಿಐ ಹ್ಯಾಂಡ್-ಆಫ್’ ಎರಡೂ ಆನ್ ಇರಲಿ: ಮೊದಲನೆಯದು ಆಪರೇಟಿಂಗ್ ಸಿಸ್ಟಂ ಬರುವ ಮುಂಚೆ ಕೀಬೋರ್ಡ್ ನಡೆಸುತ್ತದೆ, ಎರಡನೆಯದು ಬಂದ ಮೇಲೆ ಪೋರ್ಟಿನ ಹಿಡಿತವನ್ನು ಅದಕ್ಕೆ ಬಿಟ್ಟುಕೊಡುತ್ತದೆ. ಸುರಕ್ಷತೆಗೆಂದು ಪೋರ್ಟ್‌ಗಳನ್ನು ಒಂದೊಂದಾಗಿ ಬಂದ್ ಮಾಡುವ ಪುಟವೂ ಇರುತ್ತದೆ. ಕೀಬೋರ್ಡ್ ಇರುವ ಪೋರ್ಟನ್ನೇ ಬಂದ್ ಮಾಡಿದರೆ ಸಿಮಾಸ್ ಕ್ಲಿಯರ್ (ಉಳಿಸಿಟ್ಟ ಬಯಾಸ್ ಸೆಟ್ಟಿಂಗ್‌ಗಳನ್ನು ಅಳಿಸುವುದು) ಮಾಡುವವರೆಗೂ ಒಳಗೆ ಹೋಗಲಾಗದು.

ಎಕ್ಸ್‌ಟರ್ನಲ್ ಡಿಸ್ಕಿನಿಂದ ಲೋಗೊದಲ್ಲಿ ನಿಲ್ಲುವುದಕ್ಕೆ ಮೊದಲು ಬೂಟ್ ಪಟ್ಟಿ ನೋಡಿ: ಯುಎಸ್‌ಬಿ ಸಾಲುಗಳು ಮೇಲಿದ್ದರೆ ಕೆಳಗಿಳಿಸಿ ಅಥವಾ ಡಿಸೇಬಲ್ ಮಾಡಿ. ಬೇಕಾದಾಗ ಬೂಟ್ ಮೆನು ಕೀಯಿಂದ ಪೆನ್‌ಡ್ರೈವ್ ಆರಿಸಬಹುದು, ಖಾಯಂ ಆಗಿ ಮೇಲಿಡಬೇಕಾಗಿಲ್ಲ. ಅಷ್ಟಕ್ಕೂ ನಿಂತರೆ ಬಯಾಸ್ ಅಪ್‌ಡೇಟ್ ಮಾಡಿ ನೋಡುವುದು ಸರಿ. ದೊಡ್ಡ ಡಿಸ್ಕ್ ಓದುವಾಗ ತಡಕಾಡುವ ಹಳೆಯ ಫರ್ಮ್‌ವೇರ್‌ಗಳು ಇವೆ. ಕಂಪ್ಯೂಟರ್ ಆಫ್ ಆದ ಮೇಲೂ ಡಿಸ್ಕಿನ ದೀಪ ಉರಿಯುತ್ತಿದ್ದರೆ ‘ಇಆರ್‌ಪಿ’ ಆನ್ ಮಾಡಿ, ಪೋರ್ಟಿಗೆ ಹೋಗುವ ಸ್ಟ್ಯಾಂಡ್‌ಬೈ ವಿದ್ಯುತ್ ನಿಲ್ಲುತ್ತದೆ. ಕೀಬೋರ್ಡ್‌ನಿಂದ ಕಂಪ್ಯೂಟರ್ ಆನ್ ಮಾಡುವ ಅಭ್ಯಾಸವಿದ್ದರೆ ಅದು ಆಗ ಕೆಲಸ ಮಾಡುವುದಿಲ್ಲ. ಸಾಟಾ ಪೋರ್ಟಿನ ‘ಹಾಟ್ ಪ್ಲಗ್’ ಅನ್ನು ಹೊರಗಿನಿಂದ ಡಿಸ್ಕ್ ಹಾಕಿ ತೆಗೆಯುವ ಪೋರ್ಟಿಗೆ ಮಾತ್ರ ಆನ್ ಮಾಡಿ, ಇಲ್ಲದಿದ್ದರೆ ಒಳಗಿನ ಡಿಸ್ಕ್ ಕೂಡ ವಿಂಡೋಸ್‌ನ ‘ಸೇಫ್ಲಿ ರಿಮೂವ್’ ಪಟ್ಟಿಯಲ್ಲಿ ಬಂದು ಕೂರುತ್ತದೆ.

ಸೀರಿಯಲ್ ಪೋರ್ಟ್ ಹಿಂಬದಿಯಲ್ಲಿ ಇಲ್ಲವೆಂದು ನಿರಾಶರಾಗಬೇಡಿ. ಎಷ್ಟೋ ಬೋರ್ಡ್‌ಗಳ ಅಂಚಿನಲ್ಲಿ ‘ಕಾಮ್’ ಎಂದು ಅಚ್ಚಾದ, ಒಂದು ಪಿನ್ ಖಾಲಿ ಇರುವ ಹೆಡರ್ ಇರುತ್ತದೆ. ಬ್ರಾಕೆಟ್ ಸಮೇತದ ಕೇಬಲ್ ಹಾಕಿದರೆ ಒಂಬತ್ತು ಪಿನ್ನಿನ ಪೋರ್ಟ್ ಸಿದ್ಧ. ಈ ಕೇಬಲ್‌ಗಳಲ್ಲಿ ಎರಡು ಬಗೆಯ ತಂತಿ ಜೋಡಣೆ ಚಾಲ್ತಿಯಲ್ಲಿದೆ, ತಪ್ಪಾದದ್ದು ಹಾಕಿದರೆ ಪೋರ್ಟ್ ಕಂಡರೂ ಡೇಟಾ ಬರುವುದಿಲ್ಲ. ಮ್ಯಾನ್ಯುಯಲ್‌ನ ಪಿನ್ ಚಿತ್ರದೊಂದಿಗೆ ಹೋಲಿಸಿಯೇ ಕೇಬಲ್ ತನ್ನಿ. ಬಯಾಸ್‌ನ ‘ಸೂಪರ್ ಐಒ’ ಪುಟದಲ್ಲಿ ಸೀರಿಯಲ್ ಪೋರ್ಟ್ ‘ಎನೇಬಲ್’ ಮಾಡಿ, ವಿಳಾಸ 3ಎಫ್8 ಮತ್ತು ಐಆರ್‌ಕ್ಯೂ 4 ಆರಿಸಿ. ಇದು ಕಾಮ್ 1ರ ರೂಢಿಯ ವಿಳಾಸ, ಹಳೆಯ ಯಂತ್ರಗಳ ತಂತ್ರಾಂಶಗಳು ಹುಡುಕುವುದು ಇದನ್ನೇ. ಹೆಡರ್ ಇಲ್ಲದೆ ಯುಎಸ್‌ಬಿ ಅಡಾಪ್ಟರ್ ಬಳಸುವುದಾದರೆ ಅದಕ್ಕೆ ವಿಂಡೋಸ್ ಕಾಮ್ 3, ಕಾಮ್ 4 ಎಂದು ಯಾವುದೋ ಸಂಖ್ಯೆ ಕೊಟ್ಟಿರುತ್ತದೆ. ನಿಮ್ಮ ತಂತ್ರಾಂಶ ಕಾಮ್ 1 ಅನ್ನೇ ಬೇಡಿದರೆ ಬಯಾಸ್‌ನ ಸೀರಿಯಲ್ ಪೋರ್ಟನ್ನು ‘ಡಿಸೇಬಲ್’ ಮಾಡಿ, ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರಿನ ಪೋರ್ಟ್ ಸೆಟ್ಟಿಂಗ್ಸ್ ತೆರೆದು, ಅಡ್ವಾನ್ಸ್ಡ್ ಗುಂಡಿ ಒತ್ತಿ ಸಂಖ್ಯೆ ಬದಲಿಸಿ. ‘ಬಳಕೆಯಲ್ಲಿದೆ’ ಎಂಬ ಎಚ್ಚರಿಕೆ ಬಂದರೂ ಬಂದ್ ಮಾಡಿದ ಪೋರ್ಟಿನ ಸಂಖ್ಯೆಯೇ ಆಗಿದ್ದರೆ ಒಪ್ಪಿಗೆ ಕೊಡಬಹುದು. ಆಮೇಲೆ ಅಡಾಪ್ಟರನ್ನು ಯಾವಾಗಲೂ ಅದೇ ಯುಎಸ್‌ಬಿ ಪೋರ್ಟಿನಲ್ಲೇ ಇಡಿ. ಬೇರೆ ಪೋರ್ಟಿಗೆ ಹಾಕಿದರೆ ಸಂಖ್ಯೆ ಮತ್ತೆ ಬದಲಾಗಬಹುದು.